ರಾಹುಕಾಲದ ನಿಂಬೆ ದೀಪ, ನನ್ನ ತಲೆಯ ಸ್ಕ್ಯಾನ್

ಹೋದ ವರ್ಷ ಆಷಾಢದ ಒಂದು ಮಂಗಳವಾರ, ಬನಶಂಕರಿ ಅಮ್ಮನ ಗುಡಿಯಲ್ಲಿ, ಅರ್ಧ ಹೋಳು ನಿಂಬೆಹಣ್ಣಿನ ಮುಂದೆ ನಾನು ಸೋತೆ. ರಾಹುಕಾಲದಲ್ಲಿ ಅಲ್ಲಿ ದೀಪ ಹಚ್ಚುವವರಿಗೆ ಗೊತ್ತಿರುತ್ತದೆ. ಹಣ್ಣು ಹೆಚ್ಚಿ, ರಸ ಹಿಂಡಿ, ಸಿಪ್ಪೆಯ ನಡುವೆ ಹೆಬ್ಬೆರಳು ಒತ್ತಿ ಒಳಗು ಹೊರಗು ಮಾಡಿದರೆ ಪುಟ್ಟ ಬಟ್ಟಲಾಗುತ್ತದೆ. ತುಪ್ಪ ಹಾಕಿ ಬತ್ತಿ ಇಟ್ಟರೆ ದೀಪ. ಎಷ್ಟೋ ವರ್ಷಗಳಿಂದ ಪಕ್ಕದವರ ಜೊತೆ ಮಾತಾಡುತ್ತಲೇ ಮಾಡುತ್ತಿದ್ದ ಕೆಲಸ. ಅವತ್ತು ಹೆಬ್ಬೆರಳು ಒತ್ತಲೇ ಇಲ್ಲ. ಒತ್ತು ಎಂದು ಮನಸ್ಸು ಹೇಳುತ್ತಿದೆ, ಬೆರಳು ಯಾರದೋ ಎಂಬಂತೆ ಸುಮ್ಮನಿದೆ. ಕೊನೆಗೆ ಒತ್ತಿದಾಗ ಸಿಪ್ಪೆ ಹರಿದು ಹೋಯಿತು. ಇನ್ನೊಂದು ತೆಗೆದುಕೊಂಡೆ, ಅದೂ ಹರಿಯಿತು. ಪಕ್ಕದಲ್ಲಿದ್ದ ಹುಡುಗಿ, ಕೊಡಿ ಆಂಟಿ, ನಾನು ಮಾಡಿಕೊಡ್ತೀನಿ ಎಂದಳು. ಕೊಟ್ಟೆ. ಅವಳು ಹಚ್ಚಿದ ದೀಪವನ್ನು ನನ್ನದೆಂದು ಅಮ್ಮನ ಮುಂದಿಟ್ಟು ಮನೆಗೆ ಬಂದೆ.

ನಾನು ಇಟ್ಟಮಡುವಿನ ನಾಗರತ್ನ. ಅಮ್ಮನನ್ನು ನಂಬಿದ ನಿಮಗೆಲ್ಲ ಇದನ್ನು ಬರೆದು ತಿಳಿಸುತ್ತೇನೆಂದು ಅವಳ ಮುಂದೆ ನಿಂತು ಹೇಳಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಸೀರೆಗೆ ಕುಚ್ಚು ಹಾಕುವುದು ನನ್ನ ಕೆಲಸ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯವರು ಮದುವೆ ಸೀರೆಗಳನ್ನು ಹುಡುಕಿಕೊಂಡು ಬಂದು ನನಗೇ ಕೊಡುತ್ತಿದ್ದರು. ಸೆರಗಿನ ಎಳೆ ಬಿಡಿಸಿ, ಹೊಸೆದು, ಮಣಿ ಪೋಣಿಸಿ ಗಂಟು ಹಾಕಬೇಕು. ಒಂದು ಗಂಟು ಮೇಲೆ ಒಂದು ಗಂಟು ಕೆಳಗೆ ಆದರೆ ಇಡೀ ಸೆರಗು ಹಾಳು. ನನ್ನ ಗಂಟುಗಳು ಗೆರೆ ಎಳೆದಂತಿರುತ್ತಿದ್ದವು. ಜಂಬ ಎಂದರೂ ಪರವಾಗಿಲ್ಲ, ಹೇಳಿಕೊಳ್ಳುತ್ತೇನೆ.

ಆ ನಿಂಬೆಹಣ್ಣಿಗೆ ಮುಂಚೆಯೇ ಗಂಟುಗಳು ಏರುಪೇರಾಗತೊಡಗಿದ್ದವು. ಕನ್ನಡಕದ ತಪ್ಪು ಎಂದುಕೊಂಡಿದ್ದೆ. ಒಂದು ರೇಷ್ಮೆ ಸೀರೆ ಅಂಗಡಿಯಿಂದ ವಾಪಸ್ಸು ಬಂತು, ಆಮೇಲೆ ಇನ್ನೊಂದು. ಆಮೇಲೆ ಸೀರೆಗಳು ಬರುವುದೇ ನಿಂತಿತು. ನಡೆಯುವಾಗ ಕಾಲು ನೆಲ ಉಜ್ಜಿಕೊಂಡು ಹೋಗುತ್ತಿತ್ತು. ಎರಡು ಕೈಯೂ ನಡುಗುತ್ತಿದ್ದವು. ಮುಖದಲ್ಲಿ ನಗು ಹತ್ತುತ್ತಿರಲಿಲ್ಲ. ನಾನು ಮೊದಲೇ ಸ್ವಲ್ಪ ಸಿಡುಕಿ, ಹಾಗಾಗಿ ಸಿಟ್ಟು ಮಾಡಿಕೊಂಡಿದ್ದೇನೆ ಎಂದೇ ಮನೆಯವರು ಬಹಳ ದಿನ ತಿಳಿದಿದ್ದರು.

ಆದರೆ ನನಗೆ ಗೊತ್ತಾಗಿತ್ತು. ನಮ್ಮ ತಾಯಿಗೆ ಬಂದಿದ್ದ ಕಾಯಿಲೆಯೇ ಇದು. ಪಾರ್ಕಿನ್ಸನ್. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಮಾತು. ಕೊನೆಯ ವರ್ಷಗಳನ್ನೆಲ್ಲ ಅವರು ನಮ್ಮ ಮನೆಯಲ್ಲೇ ಕಳೆದರು, ತಿರುಪು ತಿರುಗಿಸಿ ತಲೆಯ ಕಡೆ ಎತ್ತುವ ಆಸ್ಪತ್ರೆ ಮಂಚದ ಮೇಲೆ. ಮಗ್ಗುಲು ಹೊರಳಿಸಿದವಳು ನಾನು, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿದವಳು ನಾನು. ಒಂದು ಮಧ್ಯಾಹ್ನ ನಾನು ಚಮಚದಲ್ಲಿ ಕುಡಿಸುತ್ತಿದ್ದ ಗಂಜಿ ಗಂಟಲಲ್ಲಿ ಸಿಕ್ಕಿ, ನನ್ನ ತೋಳಿನಲ್ಲೇ ಪ್ರಾಣ ಬಿಟ್ಟರು. ಮುಂದೆ ಏನೇನಾಗುತ್ತದೆ ಎಂದು ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮ ಮಗಳು ಚೈತ್ರ ಜೆ.ಪಿ. ನಗರದ ಒಂದು ಶಾಲೆಯಲ್ಲಿ ಟೀಚರ್. ಅವಳೇ ಬಲವಂತ ಮಾಡಿ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ತಾಯಿಗೆ ಇತ್ತು ಎಂದು ನಾನೇ ಮೊದಲು ಹೇಳಿದೆ. ಅವರು ಕೈ ಮಡಿಸಿ, ಬಿಡಿಸಿ ನೋಡಿ, ಅದೇ ಇರಬೇಕು ಎಂದು ಮಾತ್ರೆ ಬರೆದರು. ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು, ಗುಣ ಮಾತ್ರ ಕಾಣಲಿಲ್ಲ. ಮಾತ್ರೆ ಹೆಚ್ಚು ಮಾಡಿದರು. ಆಗಲೂ ಇಲ್ಲ. ದೀಪಾವಳಿಯ ಹೊತ್ತಿಗೆ ಸೀರೆಯ ನೆರಿಗೆ ಹಿಡಿಯಲು ಮಗಳು ಬೇಕಾಯಿತು.

ಆ ದಿನಗಳಲ್ಲೇ ಒಂದು ಬೆಳಿಗ್ಗೆ ಟೆರೇಸಿನ ಶೆಡ್ಡಿನಿಂದ ಕಿರ್ ಎಂಬ ಸದ್ದು ಬಂತು. ಆ ಸದ್ದನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ತಾಯಿಯ ಮಂಚದ ತಿರುಪು. ನಿಧಾನಕ್ಕೆ ಮೆಟ್ಟಿಲು ಹತ್ತಿ ಹೋದೆ. ನಮ್ಮ ಯಜಮಾನರು ಒಂದು ಕೈಯಲ್ಲಿ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ಹಿಡಿದುಕೊಂಡು ಕೂತಿದ್ದರು. ಎಣ್ಣೆ ಬಿಟ್ಟು ತಿರುಗಿಸುತ್ತಿದ್ದಾರೆ, ಮಂಚ ಏಳುತ್ತಿದೆ, ಇಳಿಯುತ್ತಿದೆ. ನನ್ನನ್ನು ನೋಡಿ, ತುಕ್ಕು ಹಿಡೀತಿತ್ತು ಕಣೇ, ಅಷ್ಟೇ ಎಂದರು. ಅವರ ಕಣ್ಣು ಕೆಂಪಗಿತ್ತು. ನಾನು ಕೆಳಗಿಳಿದೆ. ನನ್ನ ಹಾಸಿಗೆ ಸಿದ್ಧವಾಗುತ್ತಿದೆ ಎಂದುಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ.

ಮಂಗಳವಾರ ಮತ್ತು ಶುಕ್ರವಾರ ರಾಹುಕಾಲದ ದೀಪ ಹಚ್ಚುವವರೆಗೂ ಹೊಟ್ಟೆಗೆ ಏನೂ ಹಾಕುವುದಿಲ್ಲ ಎನ್ನುವುದು ನನ್ನ ಹಳೆಯ ನೇಮ. ಈಗ ಭಾನುವಾರವನ್ನೂ ಸೇರಿಸಿಕೊಂಡೆ. ಮಂಗಳವಾರ ಮತ್ತು ಭಾನುವಾರ ದೀಪ ಹಚ್ಚಿ ಮನೆಗೆ ಬರುವಷ್ಟರಲ್ಲಿ ಸಂಜೆಯಾಗಿಬಿಡುತ್ತದೆ. ಕೈ ಉಳಿಸಿಕೊಡು, ಬೇರೇನೂ ಬೇಡ ಎಂದು ಬೇಡಿಕೊಂಡೆ. ಉಳಿಸಲಿಲ್ಲ. ಆಮೇಲೆ ಬೇಡುವುದು ಬಿಟ್ಟು ಬೈಯತೊಡಗಿದೆ. ನಮ್ಮ ತಾಯಿಯನ್ನು ಹಾಗೆ ಕೊಳೆಸಿದ್ದು ಸಾಲದೇ, ಈಗ ನಾನೇ ಬೇಕೇ ಎಂದು ಸರತಿಯಲ್ಲಿ ನಿಂತೇ ಕೇಳಿದ್ದೇನೆ. ಜನ ತಿರುಗಿ ನೋಡಿದ್ದಾರೆ. ಭಕ್ತಿಯ ಪತ್ರದಲ್ಲಿ ಇದೆಲ್ಲ ಬರೆಯಬಾರದೇನೋ, ಆದರೆ ಆದದ್ದು ಹೀಗೆ. ಇಷ್ಟೆಲ್ಲ ಬೈದರೂ ಹೋಗುವುದನ್ನು ಮಾತ್ರ ಬಿಡಲಿಲ್ಲ, ಯಾಕೆಂದರೆ ಹೋಗಲು ಬೇರೆ ಜಾಗವೇ ಇರಲಿಲ್ಲ.

ಕಾರ್ತಿಕ ಮುಗಿಯುವ ಹೊತ್ತಿಗೆ ಚೈತ್ರಳ ಶಾಲೆಯ ಇನ್ನೊಬ್ಬ ಟೀಚರ್ ಹೇಳಿದ ನರರೋಗದ ಡಾಕ್ಟರ ಹತ್ತಿರ ಹೋದೆವು. ವಯಸ್ಸು ಕಡಿಮೆ, ಮಾತೂ ಕಡಿಮೆ. ಹೆಬ್ಬೆರಳು, ತೋರುಬೆರಳು ಬೇಗಬೇಗ ತಾಗಿಸಿ ಎಂದರು. ನಾಲ್ಕು ಸಲ ತಾಗಿಸುವಷ್ಟರಲ್ಲಿ ಬೆರಳು ಸೋತಿತು. ಕಾರಿಡಾರಿನಲ್ಲಿ ನಡೆಸಿದರು. ಎರಡೂ ಕಡೆ ಒಂದೇ ಸಲ, ಒಂದೇ ಸಮ ಶುರುವಾಯಿತೇ ಎಂದು ಎರಡೆರಡು ಬಾರಿ ಕೇಳಿದರು. ಹೌದು ಎಂದೆ. ಸಾಮಾನ್ಯವಾಗಿ ಆ ಕಾಯಿಲೆ ಒಂದು ಕಡೆಯಿಂದ ಶುರುವಾಗುತ್ತದೆ, ಕೊಟ್ಟ ಮಾತ್ರೆಗೆ ಸ್ವಲ್ಪವಾದರೂ ಬಗ್ಗುತ್ತದೆ, ನಿಮ್ಮಲ್ಲಿ ಎರಡೂ ಇಲ್ಲ, ಒಂದು ಸ್ಕ್ಯಾನ್ ಮಾಡಿ ನೋಡೋಣ ಎಂದರು. ಎಂಆರ್‌ಐ ಮೊದಲ ಡಾಕ್ಟರೇ ಮಾಡಿಸಿ ಏನೂ ಇಲ್ಲ ಅಂದರಲ್ಲ, ಮತ್ತೆ ಯಾಕೆ ಎಂದು ನಾನು ಸಿಡುಕಿದೆ.

"ಎಂಆರ್‌ಐನಲ್ಲಿ ಮನೆ ಗೋಡೆ ಕಾಣುತ್ತೆ ಅಮ್ಮಾ, ಒಳಗೆ ಒಲೆ ಉರೀತಿದ್ಯಾ ಇಲ್ವಾ ಅಂತ ಕಾಣಲ್ಲ," ಎಂದರು ಅವರು. "ಇದರಲ್ಲಿ ಒಲೆ ಕಾಣುತ್ತೆ."

ಆಮೇಲೆ ಚೈತ್ರ ನನಗೆ ಬಿಡಿಸಿ ಹೇಳಿದಳು. ನಮ್ಮ ಕೈಕಾಲು ಸಲೀಸಾಗಿ ಆಡಲು ತಲೆಯೊಳಗೆ ಡೋಪಮಿನ್ ಎಂಬ ರಸ ಬೇಕು. ನಮ್ಮ ತಾಯಿಯ ಕಾಯಿಲೆಯಲ್ಲಿ ಅದನ್ನು ಹೊತ್ತು ತರುವ ನರದ ತುದಿಗಳೇ ಸತ್ತುಹೋಗುತ್ತವೆ. ಸ್ಕ್ಯಾನಿಗೆ ಮೊದಲು ಕೊಡುವ ಇಂಜೆಕ್ಷನ್ ಆ ತುದಿಗಳನ್ನೇ ಹುಡುಕಿಕೊಂಡು ಹೋಗಿ ಕೂರುತ್ತದೆ. ತುದಿಗಳು ಬದುಕಿದ್ದರೆ ಚಿತ್ರದಲ್ಲಿ ಎರಡು ಗೋಡಂಬಿಯಂತೆ ಹೊಳೆಯುತ್ತವೆ, ಸತ್ತಿದ್ದರೆ ಗೋಡಂಬಿಯ ಬಾಲ ಮಾಸಿ ಬರೀ ಚುಕ್ಕಿ ಉಳಿಯುತ್ತದೆ.

ಸ್ಕ್ಯಾನಿನ ದಿನ ಬನಶಂಕರಿಯಿಂದ ಆಟೋದಲ್ಲಿ ಹೋದೆವು. ಇಂಜೆಕ್ಷನ್ ಕೊಟ್ಟು, ಅದು ತಲೆಗೆ ಏರುವವರೆಗೆ ಕೆಲವು ಗಂಟೆ ಕಾಯಬೇಕು ಎಂದು ಒಂದು ಕೋಣೆಯಲ್ಲಿ ಕೂರಿಸಿದರು. ಮನೆಯವರು ಹೊರಗೆ. ಒಳಗಿದ್ದವರು ನಾನು ಮತ್ತು ನಲವತ್ತರ ಆಸುಪಾಸಿನ ಒಬ್ಬರು. ಮಂಜುನಾಥ ಎಂದು ಹೆಸರು. ಬಾಗಲಕೋಟೆ ಕಡೆಯವರು, ಬಿಟಿಎಂನಲ್ಲಿ ಬಾಡಿಗೆ ಮನೆ, ಅಲ್ಲೇ ಆಫೀಸು. ಅವರ ಬಲಗೈ ಮಾತ್ರ ಮಡಿಲಲ್ಲಿ ತನ್ನಷ್ಟಕ್ಕೆ ತಾನು ನಡುಗುತ್ತಿತ್ತು. ಆ ಕೈಯನ್ನೇ ನೋಡುತ್ತಿದ್ದ ನನ್ನನ್ನು ಕಂಡು ನಕ್ಕರು.

"ನಾ ಹೇಳಿದ್ರ ಕೇಳಂಗಿಲ್ರೀ ಇದು," ಎಂದರು. "ಹೊರಗ ನಮ್ಮಾಕಿ ಕುಂತಾಳ, ಆಕಿ ಹಿಡಕೊಂಡ್ರ ಸುಮ್ನಾಗ್ತೈತಿ."

ಬಾದಾಮಿಯ ಬನಶಂಕರಿ ಅವರ ಮನೆದೇವರಂತೆ. ಇಲ್ಲಿ ನಮ್ಮ ಬನಶಂಕರಿಯ ಗುಡಿಗೆ ಒಮ್ಮೆಯೂ ಬಂದಿಲ್ಲವೆಂದರು. ಮಂಗಳವಾರ ಬನ್ನಿ, ನಿಂಬೆಹಣ್ಣು ನಾನು ತರುತ್ತೇನೆ ಎಂದೆ. ಅವರು, ತಮಗೆ ಸಣ್ಣ ಮಗಳಿದ್ದಾಳೆ, ಅವಳ ಮದುವೆಯಲ್ಲಿ ಧಾರೆ ಎರೆಯುವಾಗ ನೀರು ಚೆಲ್ಲದಿದ್ದರೆ ಸಾಕು ಎಂದರು. ಅದನ್ನು ಕೇಳಿ ನನ್ನ ಕುಚ್ಚಿನ ದುಃಖ ಸಣ್ಣದೆನಿಸಿತು.

ಯಂತ್ರದ ಮೇಲೆ ಮಲಗಿಸಿ ತಲೆಗೆ ಪಟ್ಟಿ ಬಿಗಿದು, ಅಲ್ಲಾಡಬೇಡಿ ಎಂದರು. ನಡುಗುವವರನ್ನೇ ಕರೆಸಿ ಅಲ್ಲಾಡಬೇಡಿ ಎನ್ನುವ ಯಂತ್ರ. ನಗು ಬರಬೇಕಿತ್ತು, ನನಗೆ ನಗುವೇ ಬರುತ್ತಿರಲಿಲ್ಲವಲ್ಲ. ದೊಡ್ಡ ಕಣ್ಣಿನಂಥದ್ದು ಮುಖದ ಹತ್ತಿರ ಬಂದು ನಿಧಾನವಾಗಿ ಸುತ್ತತೊಡಗಿತು. ಬನಶಂಕರಿ ಎಂದು ಹೇಳಲು ಹೊರಟರೆ ತಾಯಿಯ ಬಾಯಿಂದ ಇಳಿಯುತ್ತಿದ್ದ ಗಂಜಿಯೇ ಕಣ್ಣ ಮುಂದೆ ಬಂತು. ಅಷ್ಟು ಹೊತ್ತೂ ಅದೇ ಕಾಣುತ್ತಿತ್ತು.

ಎರಡು ದಿನ ಬಿಟ್ಟು ಡಾಕ್ಟರ ಕೋಣೆಯ ಹೊರಗೆ ಮಂಜುನಾಥ ಮತ್ತು ಅವರ ಹೆಂಡತಿ ಶಿಲ್ಪಾ ಕೂತಿದ್ದರು. ಅವರ ಟೋಕನ್ ಮೊದಲು. ಒಳಗೆ ಹೋಗಿ ಬಂದರು. ಶಿಲ್ಪಾ ಗಂಡನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು, ಕೈ ಸುಮ್ಮನಿತ್ತು. ಕೇಳುವ ಅಗತ್ಯವಿರಲಿಲ್ಲ. ಅವರು ನನಗೆ ನಮಸ್ಕಾರ ಮಾಡಲು ಹೋಗಿ ಮಾಡದೆ ಲಿಫ್ಟಿನ ಕಡೆ ಹೋದರು.

ಆಮೇಲೆ ನಮ್ಮನ್ನು ಕರೆದರು. ಡಾಕ್ಟರು ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದರು. ಕಪ್ಪು ತೆರೆಯ ಮಧ್ಯೆ ಅಕ್ಕಪಕ್ಕದಲ್ಲಿ ಎರಡು ಬೆಳಕು. ಚೈತ್ರ ಗೋಡಂಬಿ ಎಂದಿದ್ದಳು, ನನಗೆ ಕಂಡದ್ದು ಗುಡಿಯ ನೆಲದ ಮೇಲೆ ಜೋಡಿಯಾಗಿ ಇಟ್ಟ ನಿಂಬೆ ದೀಪ. ನಿಮ್ಮ ತಾಯಿಗಿದ್ದ ಕಾಯಿಲೆ ನಿಮಗಿರುವಂತೆ ಕಾಣುವುದಿಲ್ಲ, ಈ ಜಾಗ ಚೆನ್ನಾಗಿಯೇ ಇದೆ ಎಂದರು. ಚೈತ್ರ ಜೋರಾಗಿ ಅಳಲು ಶುರು ಮಾಡಿದಳು. ನಮ್ಮ ಯಜಮಾನರು ಎದ್ದು ನಿಂತು ಡಾಕ್ಟರಿಗೆ ಕೈಮುಗಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು. ಹಾಗಾದರೆ ನನ್ನ ಕೈ ಯಾಕೆ ಹೀಗಾಗಿದೆ ಎಂದು ನಾನು ಕೇಳಿದೆ. ಅದನ್ನು ಸ್ಕ್ಯಾನ್ ಹೇಳುವುದಿಲ್ಲ, ನಾವೇ ಹುಡುಕಬೇಕು ಎಂದರು. ಕೆಲವು ಔಷಧಿಗಳಿಂದ ಹೀಗಾಗುವುದುಂಟಂತೆ. ಮನಸ್ಸಿನ ಕಾಯಿಲೆಗೆ, ತಲೆಸುತ್ತಿಗೆ, ವಾಂತಿಗೆ ಏನಾದರೂ ತೆಗೆದುಕೊಂಡಿದ್ದೀರಾ ಎಂದು ಕೇಳಿದರು. ಇಲ್ಲವೆಂದೆ. ಮನೆಯಲ್ಲಿರುವ ಮಾತ್ರೆ ಒಂದೂ ಬಿಡದೆ ತನ್ನಿ ಎಂದರು. ಫ್ರಿಜ್ಜಿನ ಮೇಲಿನ ಔಷಧಿ ಡಬ್ಬವನ್ನೇ ಹೊತ್ತುಕೊಂಡು ಹೋಗಿ ಅವರ ಮೇಜಿನ ಮೇಲೆ ಸುರಿದೆವು. ಬಿಪಿಯದು, ಥೈರಾಯ್ಡಿನದು, ಮಂಡಿ ನೋವಿನದು. ಒಂದೊಂದನ್ನೇ ಎತ್ತಿ ನೋಡಿ ಬದಿಗಿಟ್ಟರು. ಮತ್ತೇನೂ ಇಲ್ಲವಾ ಎಂದರು. ಇಷ್ಟೇ ಎಂದೆ, ದೇವರಾಣೆಗೂ ಇಷ್ಟೇ ಎಂದುಕೊಂಡಿದ್ದೆ. ಮೊದಲ ಡಾಕ್ಟರು ಕೊಟ್ಟಿದ್ದನ್ನು ನಿಧಾನವಾಗಿ ಕಡಿಮೆ ಮಾಡಿಸಿ, ಕಾದು ನೋಡೋಣ ಎಂದರು.

ಕಾಯುತ್ತ ಕಾಯುತ್ತ ನಾನು ಇನ್ನೂ ಬಿಗಿದುಕೊಂಡೆ. ಮಗ್ಗುಲು ಹೊರಳಲು ಯಜಮಾನರನ್ನು ಕರೆಯಬೇಕಾಯಿತು. ಕಾಯಿಲೆ ಇಲ್ಲ ಎಂದ ಮೇಲೂ ಕಾಯಿಲೆಯವಳಾಗಿ ಇರುವುದು ಎಂಥ ಹಿಂಸೆ ಎಂದು ಹೇಗೆ ಹೇಳಲಿ? ಕಾಯಿಲೆಗೆ ಹೆಸರಿದ್ದರೆ ಅದನ್ನು ಬೈಯಲಾದರೂ ಆಗುತ್ತದೆ. ನಾನು ಮಂಚದ ಮೇಲೆ ಬಿದ್ದರೆ ಮೂಗಿಗೆ ನಳಿಗೆ ಹಾಕಿಸಿ ಉಳಿಸಬೇಡಿ ಎಂದು ಮಗಳಿಗೆ ಹೇಳಿದೆ. ಅವಳು ಎದ್ದು ಹೊರಗೆ ಹೋದಳು.

ಸಂಕ್ರಾಂತಿ ಕಳೆದ ಮೇಲಿನ ಮಂಗಳವಾರ, ಶಾಲೆಗೆ ರಜೆ ಇದ್ದುದರಿಂದ ಚೈತ್ರ ನನ್ನ ಜೊತೆ ಗುಡಿಗೆ ಬಂದಳು. ಅವಳು ರಾಹುಕಾಲಕ್ಕೆ ಬರುವವಳಲ್ಲ. ಅವತ್ತು ಬಂದದ್ದು ನನ್ನನ್ನು ಹಿಡಿದುಕೊಳ್ಳಲು. ಹೊರಡುವ ಮುಂಚೆ ನಾನು ದೇವರ ಗೂಡಿನಲ್ಲಿದ್ದ ಕರ್ಪೂರ, ಬತ್ತಿ, ಬೆಂಕಿಪೊಟ್ಟಣ ಎಲ್ಲವನ್ನೂ ಮೊಂಡು ಬೆರಳುಗಳಿಂದ ಬಾಚಿ ಬುಟ್ಟಿಗೆ ಹಾಕಿಕೊಂಡಿದ್ದೆ. ಗುಡಿಯಲ್ಲಿ ಕೂತು ಚೈತ್ರ ನಿಂಬೆಹಣ್ಣು ಹಿಂಡುತ್ತಿದ್ದಳು. ಬೆಂಕಿಪೊಟ್ಟಣ ಸಿಗಲಿಲ್ಲವೆಂದು ನಾನು ಬುಟ್ಟಿಯನ್ನೇ ನೆಲಕ್ಕೆ ಮಗುಚಿದೆ. ಕರ್ಪೂರದ ಜೊತೆ ಒಂದು ಮಾತ್ರೆಯ ಹಾಳೆ ಹಾರಿ ಅವಳ ಕಾಲ ಹತ್ತಿರ ಬಿತ್ತು. ಅರ್ಧ ಖಾಲಿಯಾದ ಹಾಳೆ, ಮೇಲೆಲ್ಲ ಕುಂಕುಮ ಮೆತ್ತಿಕೊಂಡಿತ್ತು.

"ಅಮ್ಮಾ, ಇದ್ಯಾವ ಮಾತ್ರೆ?"

"ಅದು ಮಾತ್ರೆ ಅಲ್ಲ ಕಣೇ," ಎಂದೆ ನಾನು. "ಗ್ಯಾಸ್‌ದು."

ನಾನು ತಮಾಷೆಗೆ ಹಾಗೆ ಹೇಳಲಿಲ್ಲ. ಉಪವಾಸದ ದಿನ ಎದೆ ಉರಿಯುತ್ತದೆ ಎಂದು ಎಷ್ಟೋ ಹಿಂದೆ ಒಬ್ಬರು ಹದಿನೈದು ದಿನಕ್ಕೆ ಬರೆದುಕೊಟ್ಟಿದ್ದರು. ಹಿತವಾಯಿತು, ಮುಂದುವರಿಸಿದೆ. ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು. ಸ್ನಾನ ಮಾಡಿ, ದೇವರ ಮುಂದೆ ಕೂರುವ ಮೊದಲು ಖಾಲಿ ಹೊಟ್ಟೆಗೆ ನುಂಗುವುದು, ಹಾಗಾಗಿ ಅದರ ಜಾಗ ದೇವರ ಗೂಡು, ಊದುಬತ್ತಿಯ ಪಕ್ಕ. ಉಪವಾಸದ ದಿನ ಮಧ್ಯಾಹ್ನಕ್ಕೆ ಇನ್ನೊಂದು. ಫ್ರಿಜ್ಜಿನ ಮೇಲಿನ ಡಬ್ಬದಲ್ಲಿರುವುದು ಔಷಧಿ, ಇದು ಕಾಫಿಪುಡಿಯ ಹಾಗೆ ಮನೆಯ ಸಾಮಾನು. ಇಲ್ಲವೆಂದು ಡಾಕ್ಟರ ಮುಂದೆ ಹೇಳಿದಾಗ ನನಗೆ ಇದು ನೆನಪಿಗೂ ಬಂದಿರಲಿಲ್ಲ.

ಚೈತ್ರ ಕೈಯಲ್ಲಿದ್ದ ನಿಂಬೆಹಣ್ಣು ಕೆಳಗಿಟ್ಟು, ಸೆರಗಿನಿಂದ ಕುಂಕುಮ ಒರೆಸಿ, ಹಾಳೆಯ ಹಿಂದೆ ಬರೆದದ್ದನ್ನು ಓದಿದಳು. ಫೋಟೊ ತೆಗೆದು ಆಸ್ಪತ್ರೆಗೆ ಕಳಿಸಿದಳು. ನಾವು ಹಚ್ಚಿದ ದೀಪ ಇನ್ನೂ ಉರಿಯುತ್ತಿರುವಾಗಲೇ ಫೋನ್ ಬಂತು. ಡಾಕ್ಟರೇ ಮಾತಾಡಿದರು. ಆ ಮಾತ್ರೆ ಇನ್ನು ಬೇಡ, ನಾಳೆಯೇ ಬನ್ನಿ ಎಂದರು.

ಮರುದಿನ ಅವರು ಹೇಳಿದ್ದು ನನಗೆ ಅರ್ಥವಾದದ್ದು ಇಷ್ಟು. ಆ ಒಂದು ಮಾತ್ರೆಯಲ್ಲಿ ಎರಡು ಔಷಧಿ ಸೇರಿವೆ. ಒಂದು ಎದೆಯುರಿಗೆ, ಇನ್ನೊಂದು ಹೊಟ್ಟೆಯಲ್ಲಿರುವುದು ಬೇಗ ಮುಂದೆ ಸಾಗಲಿ ಎಂದು. ಆ ಎರಡನೆಯದು ಕೆಲವರ ತಲೆಯಲ್ಲಿ ಡೋಪಮಿನ್ ಕೆಲಸ ಮಾಡುವ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ರಸ ಇದೆ, ಬಾಗಿಲು ಮುಚ್ಚಿದೆ. ಹೊರಗಿನಿಂದ ನೋಡಿದರೆ ನಮ್ಮ ತಾಯಿಯ ಕಾಯಿಲೆಯ ಹಾಗೆಯೇ ಕಾಣುತ್ತದೆ. ಇದು ಹೋಗುತ್ತದೆಯೇ ಎಂದು ಕೇಳಿದೆ.

"ಬಹಳ ಜನಕ್ಕೆ ಹೋಗುತ್ತೆ, ನಿಧಾನಕ್ಕೆ. ಕೆಲವರಿಗೆ ಪೂರ್ತಿ ಹೋಗಲ್ಲ. ಸುಳ್ಳು ಹೇಳಲ್ಲ ಅಮ್ಮಾ," ಎಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಕೈ ಉಳಿಸಿಕೊಡೆಂದು ಉಪವಾಸ ಹೆಚ್ಚಿಸಿದೆ. ಉಪವಾಸ ಹೆಚ್ಚಿದಂತೆ ಆ ಮಾತ್ರೆ ಹೆಚ್ಚು ನುಂಗಿದೆ. ಕೈ ಇನ್ನೂ ಹೋಯಿತು, ಆದರೂ ಉಪವಾಸ ಬಿಡಲಿಲ್ಲ. ಇದನ್ನು ಹೇಗೆ ನುಂಗಿಕೊಳ್ಳಲಿ? ಬಹಳ ದಿನ ಯೋಚಿಸಿದ್ದೇನೆ. ಹೊಟ್ಟೆ ಉರಿಸಿಕೋ ಎಂದು ಅಮ್ಮ ಕೇಳಿರಲಿಲ್ಲ. ಕೇಳದ್ದನ್ನು ನಾನೇ ಕೊಡುತ್ತ ಹೋದೆ. ಕೊನೆಗೆ ಅವಳೇ ತನ್ನ ಕಾಲ ಬಳಿ, ಎಂದೂ ಬಾರದ ಮಗಳನ್ನು ಎದುರಿಗೆ ಕೂರಿಸಿ, ನನ್ನ ಮೊಂಡು ಕೈಯಿಂದಲೇ ಅದನ್ನು ಹೊರಗೆ ಸುರಿಸಿದಳು. ಬುಟ್ಟಿ ಮಗುಚಿತು, ಮಾತ್ರೆ ಬಿತ್ತು, ಅಷ್ಟೇ ತಾನೇ ಎಂದು ಯಾರಾದರೂ ಅಂದರೆ ನಾನು ವಾದ ಮಾಡುವುದಿಲ್ಲ. ಎಲ್ಲಿ ಬಿತ್ತು ಎಂದು ನನಗೆ ಗೊತ್ತಿದೆ.

ಯುಗಾದಿಯ ಹೊತ್ತಿಗೆ ಮಗ್ಗುಲು ನಾನೇ ಹೊರಳಿದೆ. ಆಮೇಲೆ ನೆರಿಗೆ ಹಿಡಿದೆ. ಒಂದು ದಿನ ಯಜಮಾನರು ಏನೋ ಅಂದಾಗ ನಕ್ಕೆ, ಅವರು ಮಾತು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತ ಕೂತರು. ಮೊದಲ ಕುಚ್ಚನ್ನು ಮಗಳ ಹತ್ತಿಸೀರೆಗೆ ಹಾಕಿದೆ, ಗಂಟುಗಳು ತೀರ ಗೆರೆ ಎಳೆದಂತಿಲ್ಲ. ಎಡಗೈ ಹೆಬ್ಬೆರಳು ದಣಿದಾಗ ಈಗಲೂ ನಡುಗುತ್ತದೆ, ಅದು ಹಾಗೆಯೇ ಉಳಿಯಬಹುದಂತೆ. ತಾಯಿಯ ಮಂಚವನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದೆ. ಯಜಮಾನರು ಹೂಂ ಎಂದರು, ಇನ್ನೂ ಕೊಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ.

ಈಗ ಉಪವಾಸವಿಲ್ಲ, ಊಟ ಮಾಡಿಯೇ ಗುಡಿಗೆ ಹೋಗುತ್ತೇನೆ. ನಿಮ್ಮ ದೇವರ ಗೂಡಿನಲ್ಲೂ ಇಂಥದ್ದೊಂದು ಹಾಳೆ ಇದ್ದರೆ ಹೆದರಬೇಡಿ, ಆದರೆ ಡಾಕ್ಟರಿಗೆ ತೋರಿಸಿ.

ಇನ್ನೊಂದು ಮಾತು ಬರೆಯದಿದ್ದರೆ ಇದು ಸುಳ್ಳಾಗುತ್ತದೆ. ಹೋದ ತಿಂಗಳು ಮಂಜುನಾಥ ಮತ್ತು ಶಿಲ್ಪಾ ಗುಡಿಗೆ ಬಂದರು. ನನ್ನನ್ನು ಗುರುತು ಹಿಡಿದವಳು ಶಿಲ್ಪಾ. ನನ್ನ ನಡಿಗೆ ನೋಡಿ ಅವಳಿಗೆ ಎಲ್ಲ ತಿಳಿಯಿತು. ಒಳ್ಳೇದಾತು ಬಿಡ್ರಿ ಎಂದಳು, ಮನಸ್ಸಿನಿಂದಲೇ ಅಂದಳು, ಅಂದು ಮುಖ ತಿರುಗಿಸಿಕೊಂಡಳು. ಅದೇ ಕೋಣೆ, ಅದೇ ಇಂಜೆಕ್ಷನ್, ಅದೇ ದೇವಿಯ ಹೆಸರು. ನನ್ನ ತಲೆಯಲ್ಲಿ ದೀಪ ಉರಿಯುತ್ತಿತ್ತು, ಅವರ ತಲೆಯಲ್ಲಿ ಆರುತ್ತಿತ್ತು. ಯಾಕೆ ಹೀಗೆ ಎಂದು ಅಮ್ಮನನ್ನು ಕೇಳಿದ್ದೇನೆ, ಉತ್ತರ ಬಂದಿಲ್ಲ. ಕೇಳುವುದನ್ನು ಬಿಡುವುದೂ ಇಲ್ಲ.

ಮಂಜುನಾಥ ನಿಂಬೆಹಣ್ಣು ಹಿಡಿದು ನೆಲದ ಮೇಲೆ ಕೂತರು. ಹೋಳು ಕೈಯಿಂದ ಜಾರಿ ಉರುಳಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. ನನಗೆ ತಡೆಯಲಾಗದೆ ಕೈ ಚಾಚಿ, ಕೊಡಿ, ನಾನು ಮಾಡಿಕೊಡ್ತೀನಿ ಎಂದೆ.

"ಬ್ಯಾಡ್ರೀ," ಎಂದರು ಅವರು. "ಇದೊಂದು ನಾನೇ ಮಾಡ್ತೀನ್ರೀ."

ಸಿಪ್ಪೆ ಹರಿಯಿತು. ಇನ್ನೊಂದು ತೆಗೆದುಕೊಂಡರು. ಸುತ್ತಲಿನವರು ದೀಪ ಹಚ್ಚಿ ಎದ್ದುಹೋದರು. ಶಿಲ್ಪಾ ಸೆರಗಿನ ತುದಿ ಬಾಯಿಗೊತ್ತಿಕೊಂಡು ಕೂತಿದ್ದಳು. ರಾಹುಕಾಲ ಮುಗಿಯಲು ಬಂದಾಗ ಅವರ ಒಂದು ದೀಪ ಹತ್ತಿತು.

ಅಂದಿನಿಂದ ಪ್ರತಿ ಮಂಗಳವಾರ ಬರುತ್ತಾರೆ. ಅಮ್ಮ ನನಗೆ ಕೈ ತಿರುಗಿ ಕೊಟ್ಟಿದ್ದಾಳೆ, ಬದುಕಿರುವವರೆಗೂ ಆ ಋಣ ತೀರದು. ನನ್ನ ಎರಡು ದೀಪ ಹಚ್ಚಿ ಅವರ ಪಕ್ಕದಲ್ಲಿ ಕೂರುತ್ತೇನೆ. ಅವರದು ಹತ್ತುವವರೆಗೆ ನನ್ನ ಆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಿರುವುದೇ ಈಗ ನಾನು ಅಮ್ಮನಿಗೆ ಮಾಡುವ ಸೇವೆ.